ಒರತೆಗೆ ಹೊತ್ತ ಹರಕೆ

"ಗುರುಗಳೇ, ನಿಮ್ಮ ಋಣವನ್ನು ನಾನು ಹೇಗೆ ತೀರಿಸಲಿ?" ಎಂದು ಶಿಷ್ಯ ಕೇಳಿದ. ಅವನ ಓದು ಮುಗಿದಿತ್ತು. ಊರಿಗೆ ಹೊರಡುವ ಮುನ್ನ ಜರಿಯ ಶಾಲೊಂದನ್ನು ತಂದು ಗುರುಗಳ ಮುಂದೆ ಇಟ್ಟಿದ್ದ.

"ಈ ಸೆಕೆಗೆ ಶಾಲೇನಪ್ಪಾ?" ಎಂದು ಗುರುಗಳು ನಕ್ಕರು. "ಇರಲಿ, ಕೂತುಕೋ" ಎಂದು ಕತೆ ಹೇಳಿದರು.

ಒಂದು ಬೆಟ್ಟದ ಬುಡದಲ್ಲಿ ಒರತೆಯಿತ್ತು. ಊರಿಗೆಲ್ಲ ಕುಡಿಯಲು ಅದೊಂದೇ ನೀರು. ಆ ಊರಿನ ಕಲ್ಲುಕುಟಿಗನಿಗಂತೂ ಒರತೆಯೆಂದರೆ ಹೆತ್ತ ತಾಯಿ. ಮೊದಲ ಬೊಗಸೆಯನ್ನು ಕಣ್ಣಿಗೊತ್ತಿಕೊಂಡೇ ಕುಡಿಯುತ್ತಿದ್ದ. ಇಷ್ಟು ಕೊಟ್ಟವಳು ಬಿಸಿಲಲ್ಲಿ ನಿಂತಿದ್ದಾಳಲ್ಲ ಎಂದು ಅವನ ಕರುಳು ಚುರುಕ್ಕೆನ್ನುತ್ತಿತ್ತು. ಕೊನೆಗೆ ಅವಳಿಗೊಂದು ಕಲ್ಲಿನ ಮಂಟಪ ಕಟ್ಟುತ್ತೇನೆಂದು ಹರಕೆ ಹೊತ್ತ. ಹರಕೆಯ ಕಲ್ಲು ಎಲ್ಲೆಲ್ಲಿಯದೋ ಆದರೆ ಆದೀತೇ? ಬೆಟ್ಟದ ನೆತ್ತಿಯ ತಗ್ಗಿನಲ್ಲಿ ಒಳ್ಳೆಯ ಕಲ್ಲಿತ್ತು. ಮೇಲಿನ ಹುಲ್ಲನ್ನೂ ಮಣ್ಣನ್ನೂ ಕೆರೆದು ಹಾಕಿ, ಅಲ್ಲೇ ಕೂತು ಕಂಬ ಕಡೆದ. ಯಾರನ್ನೂ ಕೂಲಿ ಕೇಳಲಿಲ್ಲ.

ಕಂಬಗಳು ಏಳುತ್ತಾ ಹೋದವು, ನೀರು ಇಳಿಯುತ್ತಾ ಹೋಯಿತು. ಮಳೆ ಎಂದಿನಂತೆ ಬಿದ್ದರೂ ಒರತೆ ಬರಿಯ ತೊಟ್ಟಿಕ್ಕುವಷ್ಟಾಯಿತು. ತನ್ನ ಸೇವೆಯಲ್ಲೇ ಕೊರತೆಯಾಯಿತೆಂದು ಹೆದರಿ, ಅವನು ಮತ್ತೂ ಕಂಬ ಕಡೆಯಲು ಕೂತ.

ಊರಿನ ಶಾಲೆಯಲ್ಲಿ ಒಬ್ಬ ಟೀಚರಮ್ಮ ಇದ್ದರು, ನೆಲದ ಪದರಗಳ ವಿಷಯ ಓದಿದವರು. ಅವರು ಮಕ್ಕಳೊಂದಿಗೆ ನೆತ್ತಿಗೆ ಹತ್ತಿದರು. ತಗ್ಗಿನ ಬಿರುಕುಗಳೆಲ್ಲ ಗಾರೆ ಹಾಕಿದ ಹಾಗೆ ಕಲ್ಲುಪುಡಿಯಿಂದ ಮುಚ್ಚಿದ್ದವು. ಒಂದು ಬಿರುಕು ಮಾತ್ರ ತೆರೆದಿತ್ತು. ಮಳೆ ಶುರುವಾಗುತ್ತಿದ್ದಂತೆ ಅದರ ಬಾಯಿಗೆ ಉಪ್ಪು ಸುರಿಸಿದರು.

ಮರುದಿನ ಕಲ್ಲುಕುಟಿಗನನ್ನು ಒರತೆಯ ಬಳಿ ಕರೆದು, "ಯಜಮಾನ್ರೇ, ಒಂದು ಗುಟುಕು ಕುಡಿದು ನೋಡಿ" ಎಂದರು.

"ಉಪ್ಪುಪ್ಪಾಗೈತಲ್ಲಮ್ಮ!"

"ನಿನ್ನೆ ನಾವು ನೆತ್ತಿ ಮೇಲೆ ಹಾಕಿದ ಉಪ್ಪು ಅದು. ಈ ತಾಯಿ ಕುಡಿಯೋದು ಅಲ್ಲಿ, ಕುಡಿಸೋದು ಇಲ್ಲಿ."

ಕಲ್ಲುಕುಟಿಗ ತಲೆಯ ಮೇಲೆ ಕೈ ಹೊತ್ತು ಅತ್ತ. ಕಟ್ಟಿದ್ದು ತನ್ನ ಕೈ, ತಾಯಿಯ ಗಂಟಲು ಒತ್ತಿದ್ದೂ ಅದೇ ಕೈ. ಅತ್ತು ಮುಗಿದ ಮೇಲೆ ಎದ್ದ. ಮಕ್ಕಳೊಂದಿಗೆ ಕಲ್ಲುಪುಡಿ ಬಾಚಿ ಹೊರಗೆ ಹಾಕಿದ. ಮಂಟಪ ಬಿಚ್ಚಿ ಕಲ್ಲುಗಳನ್ನು ಮೇಲಕ್ಕೆ ಸಾಗಿಸಿ, ಓಡುವ ಮಳೆನೀರಿಗೆ ಅಡ್ಡವಾಗಿ ಒಡ್ಡು ಇಟ್ಟ. ಮಣ್ಣು ಹರಡಿ ಹುಲ್ಲು ಬಿತ್ತಿದ. ಎಷ್ಟು ಮಳೆಗೆ ಒರತೆ ಎಷ್ಟು ಏರುತ್ತದೆಂದು ಅಳೆಯುವುದನ್ನು ಟೀಚರಮ್ಮ ಮಕ್ಕಳಿಗೆ ಕಲಿಸಿದರು, ಮಕ್ಕಳು ಅವನಿಗೆ ಕಲಿಸಿದರು.

ಹುಲ್ಲು ಬೇರೂರಿದ ಮೇಲೆ ಬಂದ ಮಳೆಗಾಲದಲ್ಲಿ ಒರತೆ ಮೊದಲಿನಂತೆ ಉಕ್ಕಿತು. ಕಲ್ಲುಕುಟಿಗ ಅದಕ್ಕೆ ಕೈ ಮುಗಿದ. ಆಮೇಲೆ ಬೆಟ್ಟದ ನೆತ್ತಿಯ ಕಡೆ ತಿರುಗಿ ಉದ್ದಂಡ ಅಡ್ಡಬಿದ್ದ. ಆ ದಿನ ಅವನಷ್ಟು ಸುಖಿ ಊರಲ್ಲೇ ಇರಲಿಲ್ಲ.

ಶಿಷ್ಯನ ಕಣ್ಣು ತುಂಬಿ ಬಂತು. "ಹಾಗಾದರೆ ನಿಮಗೆ ನಾನು ಏನು ಮಾಡಲಿ?" ಎಂದ.

"ನನಗೆ ಅಕ್ಷರ ಕಲಿಸಿದವರು ಪಕ್ಕದೂರಿನಲ್ಲಿ ಇನ್ನೂ ಇದ್ದಾರೆ, ಈಗ ಅವರಿಗೆ ಕಣ್ಣು ಮಂಜು, ಹೋಗಿ ನಾಲ್ಕು ಪುಟ ಓದಿ ಹೇಳಿ ಬಾ" ಎಂದರು ಗುರುಗಳು.

ಶಿಷ್ಯ ಗುರುಗಳಿಗೆ ಅಡ್ಡಬಿದ್ದು ಪಕ್ಕದೂರಿನ ದಾರಿ ಹಿಡಿದ.