ತಗ್ಗಿಗೆ ಇಳಿದ ಟೈರು

ಬೆಟ್ಟ ಹತ್ತುವ ಸೈಕಲ್ಲಿಗೆ ವಾರಿಜಾ ಟ್ಯೂಬಿಲ್ಲದ ಹೊಸ ಟೈರು ತೊಡಿಸುತ್ತಿದ್ದಳು. ಅದು ಬಲು ಬಿಗಿ. ಎಷ್ಟು ಎಳೆದರೂ ಕೊನೆಯ ಗೇಣುದ್ದ ರಿಮ್ಮಿನೊಳಗೆ ಸೇರಲಿಲ್ಲ.

"ಇನ್ನೂ ಎಳೆದರೆ ಹರಿದೇ ಹೋಗುತ್ತೇನೆ," ಎಂದು ಟೈರು ನರಳಿತು.

"ಆಚೆ ಬದಿಯಲ್ಲಿ ನನ್ನ ಅಂಚನ್ನು ಯಾಕೆ ಹಾಗೆ ಕಚ್ಚಿಕೊಂಡಿದ್ದೀಯೆ?" ಎಂದು ರಿಮ್ಮು ಕೇಳಿತು.

"ಬಿಟ್ಟರೆ ಬಿದ್ದುಹೋಗುತ್ತೇನೆ."

"ಬೀಳುವುದಿಲ್ಲ. ನನ್ನ ನಡುವೆ ತಗ್ಗಿದೆ, ಅಲ್ಲಿಗೆ ಇಳಿ. ಅಲ್ಲಿ ಸುತ್ತಳತೆ ಕಡಿಮೆ, ಈಚೆ ಬದಿ ಸಡಿಲವಾಗುತ್ತದೆ."

ಟೈರು ಅಳುಕುತ್ತಲೇ ಹಿಡಿತ ಬಿಟ್ಟಿತು. ವಾರಿಜಾ ಹೆಬ್ಬೆರಳಿನಿಂದ ಸುತ್ತಲೂ ಒತ್ತುತ್ತ ಬಂದಳು. ಉಳಿದ ಗೇಣುದ್ದ ಸಲೀಸಾಗಿ ಒಳಸೇರಿತು. ಸೋಪಿನ ನೀರು ಸವರಿ ಅವಳು ಗಾಳಿ ತುಂಬಿದಾಗ ಟೈರು ಕನಸಿನಲ್ಲಿ ತೇಲುವಂತೆ ಮೇಲೆದ್ದು, ಟಪ್ಪೆಂದು ರಿಮ್ಮಿನ ಅಂಚಿನಲ್ಲಿ ಭದ್ರವಾಗಿ ಕುಳಿತಿತು.

ಬೆಳಗಿನ ಮಂಜಿನಲ್ಲಿ ಎರಡೂ ಒಂದೇ ಚಕ್ರವಾಗಿ ಬೆಟ್ಟದ ದಾರಿ ಹಿಡಿದವು.