ಗಾಳಿ ಇಟ್ಟ ಹಿಮ

ಹಿಮಾಲಯದ ಒಂದು ಕಣಿವೆಯಲ್ಲಿ ಸದ್ಬೋಧರ ಆಶ್ರಮವಿತ್ತು. ಚಳಿಗಾಲದಲ್ಲಿ ಅಲ್ಲಿ ದಾರಿ ಎಂಬುದೇ ಉಳಿಯುತ್ತಿರಲಿಲ್ಲ. ಗುರುಗಳೂ ಶಿಷ್ಯ ವಿಭಾಕರನೂ ಕಾಲಿಗೆ ಮರದ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಓಡಾಡುತ್ತಿದ್ದರು.

ಒಂದು ಬೆಳಿಗ್ಗೆ ಕೆಳಗಿನ ಊರಿನಿಂದ ಕಪ್ಪು ಹೊಗೆ ಎದ್ದಿತು. ಬೇಗ ಬನ್ನಿ ಎಂದು ಅದರ ಅರ್ಥ. ಅಲ್ಲಿ ಚೊಚ್ಚಲ ಬಸುರಿಯೊಬ್ಬಳಿದ್ದಳು. ಗುರುಗಳು ಔಷಧ ಬಲ್ಲವರು.

ಎರಡು ದಿನ ಬೀಸಿದ ಗಾಳಿ ಆಗಷ್ಟೇ ನಿಂತಿತ್ತು. ಎದುರಿನ ಇಳಿಜಾರು ಸಾರಿಸಿಟ್ಟ ಹಾಗೆ ನುಣ್ಣಗಿತ್ತು. ವಿಭಾಕರ ಕೋಲು ಊರಿ ನೋಡಿದ. ಕೋಲು ಇಳಿಯಲಿಲ್ಲ.

"ಗಟ್ಟಿಯಾಗಿದೆ ಗುರುಗಳೇ. ಹೀಗೇ ಇಳಿದುಬಿಟ್ಟರೆ ಕ್ಷಣದಲ್ಲಿ ಊರು."

"ಬೇಡ. ಗುಡ್ಡದ ನೆತ್ತಿಯ ಮೇಲೆ ಸುತ್ತಿ ಹೋಗೋಣ."

ನೆತ್ತಿಯಲ್ಲಿ ಗಾಳಿ ಹಿಮವನ್ನೆಲ್ಲ ಗುಡಿಸಿ ಬರೀ ಕಲ್ಲು ಉಳಿಸಿತ್ತು. ಸ್ಕೀ ಹೆಗಲಿಗೇರಿಸಿ ನಡೆಯಬೇಕು. ಮಧ್ಯಾಹ್ನ ದಾಟುತ್ತದೆ.

ವಿಭಾಕರನಿಗೆ ತಲೆಬುಡ ತಿಳಿಯಲಿಲ್ಲ. "ಹೋದ ವಾರ ಇದೇ ಇಳಿಜಾರಿನಲ್ಲಿ ಮೊಣಕಾಲು ಹೂತುಹೋಗುವಷ್ಟು ಮೆದು ಹಿಮವಿತ್ತು. ಆಗ ಕರೆದುಕೊಂಡು ಹೋದಿರಿ. ಇವತ್ತು ಬಂಡೆಯ ಹಾಗಿದೆ, ಬೇಡ ಅನ್ನುತ್ತೀರಿ!"

"ಈ ಹಿಮವನ್ನು ಇಲ್ಲಿಗೆ ತಂದದ್ದು ಯಾರು?"

"ಗಾಳಿ."

"ಯಾವುದರ ಮೇಲೆ ಇಟ್ಟುಹೋಗಿದೆ?"

"ಅಡಿಯಲ್ಲಿರುವುದು ಹೊರಗಿನಿಂದ ಹೇಗೆ ಕಂಡೀತು?" ಎಂದ ವಿಭಾಕರ.

ಗುರುಗಳು ನೆತ್ತಿಯತ್ತ ನಡೆದರು.

ವಿಭಾಕರ ನಾಲ್ಕು ಹೆಜ್ಜೆ ಹಿಂಬಾಲಿಸಿದ. ಹೊಗೆ ಇನ್ನೂ ಏಳುತ್ತಿತ್ತು. ಅಲ್ಲಿ ಅವಳು ನರಳುತ್ತಿರುವಾಗ ಈ ಸುತ್ತಾಟವೇಕೆ? ಅವನು ತಿರುಗಿ ಇಳಿಜಾರಿಗೆ ಕಾಲಿಟ್ಟ.

ಹತ್ತು ಮಾರು ಹೋಗಿರಲಿಲ್ಲ, ಅಡಿಯಲ್ಲೆಲ್ಲೋ ಧಪ್ಪೆಂದಿತು. ಸ್ಕೀ ತುದಿಯಿಂದ ಬಿರುಕೊಂದು ಸರಸರನೆ ಓಡಿತು. ಇಡೀ ಇಳಿಜಾರು ಚಪ್ಪಡಿ ಚಪ್ಪಡಿಯಾಗಿ ಒಡೆದು ಅವನನ್ನು ಹೊತ್ತು ಜಾರಿತು.

ಹಿಮ ನಿಂತಾಗ ಅವನು ಎದೆಯವರೆಗೆ ಹೂತಿದ್ದ. ತಲೆಯೂ ಒಂದು ಕೈಯೂ ಮಾತ್ರ ಹೊರಗಿದ್ದವು. ಉಸಿರೆಳೆಯಲು ಆಗುತ್ತಿರಲಿಲ್ಲ.

ಗುರುಗಳು ಓಡೋಡಿ ಇಳಿದು ಬಂದರು. ಸ್ಕೀಯಿಂದಲೂ ಬರಿಗೈಯಿಂದಲೂ ಅಗೆದರು. ಬೆರಳುಗಳಿಂದ ರಕ್ತ ಬಂತು. ಬೈಯಲಿಲ್ಲ.

ಹಿಮ ಜಾರಿಹೋದ ಜಾಗದಲ್ಲಿ, ಗಟ್ಟಿ ಪದರದ ಅಡಿಗಿದ್ದ ಸಕ್ಕರೆಯಂಥ ಬಿಡಿಬಿಡಿ ಹರಳು ಹರಡಿತ್ತು. ವಿಭಾಕರ ಒಂದು ಹಿಡಿ ತೆಗೆದ. ಬೆರಳ ಸಂದಿಯಲ್ಲಿ ಸುರಿದುಹೋಯಿತು.

ಇಬ್ಬರೂ ಮತ್ತೆ ನೆತ್ತಿಗೆ ಹತ್ತಿ ಸುತ್ತಿ ಬಂದರು. ಊರು ಮುಟ್ಟಿದಾಗ ಇಳಿಹೊತ್ತು. ಹೆರಿಗೆ ಕಷ್ಟವಾಯಿತು, ಆದರೂ ಸಂಜೆಗೆ ಹೆಣ್ಣುಮಗು ಅತ್ತಿತು. ತಾಯಿಯೂ ಉಳಿದಳು.

ಜಗಲಿಯಲ್ಲಿ ವಿಭಾಕರ ಗುರುಗಳ ಬೆರಳಿಗೆ ಬಟ್ಟೆ ಸುತ್ತುತ್ತ ಕೇಳಿದ. "ಹಾಗಾದರೆ ಗಟ್ಟಿ ಹಿಮವನ್ನು ನಂಬಬಾರದು, ಅಲ್ಲವೇ?"

"ಆಶ್ರಮದ ಅಂಗಳದಲ್ಲಿ ದಿನಾ ಅದರ ಮೇಲೇ ನಡೆಯುತ್ತೀಯಲ್ಲ."

"ಮೆದು ಹಿಮವನ್ನು ನಂಬಬಹುದೇ?"

"ಅದೂ ಜಾರಿದ್ದುಂಟು."

ವಿಭಾಕರ ಸೋತುಹೋದ. "ಮತ್ತೆ ಇವತ್ತು ಅದು ಒಡೆಯುತ್ತದೆಂದು ನಿಮಗೆ ಹೇಗೆ ತಿಳಿಯಿತು?"

"ತಿಳಿದಿರಲಿಲ್ಲ," ಎಂದರು ಗುರುಗಳು. "ಅದಕ್ಕೇ ಸುತ್ತುದಾರಿ ಹಿಡಿದೆ."