ಕೋರ್ಟಿನ ಸುಣ್ಣದ ಗೆರೆ

ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ. ನಾನಾಗ ಆ ಊರಿನ ತಹಸೀಲ್ದಾರ. ಸಂಜೆ ಕ್ಲಬ್ಬಿನ ಮಣ್ಣಿನ ಕೋರ್ಟಿನಲ್ಲಿ ಟೆನಿಸ್ ಆಡುತ್ತಿದ್ದೆ. ನನ್ನ ಚೆಂಡು ಔಟ್ ಎಂದು ಯಾರೂ ಒಂದು ದಿನವೂ ಹೇಳಿರಲಿಲ್ಲ.

ಒಮ್ಮೆ, ಊರಿಗೆ ಹೊಸದಾಗಿ ಬಂದಿದ್ದ ಪಶುವೈದ್ಯ ಮುತ್ತಣ್ಣನವರು ಎದುರಾಳಿ. ಕೊನೆಯ ಪಾಯಿಂಟಿನಲ್ಲಿ ನಾನು ಹೊಡೆದ ಚೆಂಡು ಗೆರೆಯಿಂದ ಒಂದು ಗೇಣು ಆಚೆ ಬಿತ್ತು. ಕೆಮ್ಮಣ್ಣಿನ ಮೇಲೆ ಅದರ ಅಚ್ಚು ಎದ್ದು ಕಾಣುತ್ತಿತ್ತು. ಅವರು "ಔಟ್" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ದಿನಾ ಕೋರ್ಟಿಗೆ ನೀರು ಹೊಡೆದು ಸುಣ್ಣದ ಗೆರೆ ಎಳೆಯುವ ದ್ಯಾವಪ್ಪನನ್ನು ಕರೆದೆ.

"ಚೆಂಡು ಒಳಗೆ ಬಿತ್ತೋ ಇಲ್ಲವೋ, ನೋಡಿ ಹೇಳು. ಕೆಲಸ ಬೇಕು ತಾನೆ ನಿನಗೆ?"

ದ್ಯಾವಪ್ಪ ಬಗ್ಗಿ ಅಚ್ಚು ನೋಡಿದ. ಹೋಗಿ ಸುಣ್ಣದ ಡಬ್ಬಿ, ಹಗ್ಗ ತಂದ.

"ಚೆಂಡು ಒಳಗೇ ಬಿದ್ದಿದೆ ಸ್ವಾಮಿ. ಗೆರೆ ನಾನೇ ತಪ್ಪು ಎಳೆದಿದ್ದೆ" ಅಂದವನೇ ಅಚ್ಚಿನ ಆಚೆಗೆ ಹೊಸ ಗೆರೆ ಎಳೆದ. ಆಮೇಲೆ ಕೈ ಒರೆಸಿಕೊಳ್ಳುತ್ತಾ ಕೇಳಿದ: "ನಾಳೆಯಿಂದ ತಾವು ಆಡಿ ಮುಗಿಸಿದ ಮೇಲೇ ಗೆರೆ ಎಳೀಲಾ ಸ್ವಾಮಿ? ಆಗ ತಪ್ಪೇ ಆಗೋದಿಲ್ಲ."

ಮುತ್ತಣ್ಣನವರು ನಗಲಿಲ್ಲ. ಕಟ್ಟಿದ್ದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದರು. ನಾನು ತಲೆ ತಗ್ಗಿಸಿ, "ಹಳೇ ಗೆರೆಯೇ ಇರಲಿ" ಅಂದೆ.

ಮರುದಿನ ನನ್ನ ಹದಿನೇಳು ಚೆಂಡು ಔಟ್. ಅಷ್ಟು ಕೆಟ್ಟದಾಗಿ ಆಡುತ್ತೇನೆಂದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.